ಮೂಡಲಗಿಯ ದಿವಾಣಖಾನೆ, ಹುಕ್ಕೇರಿಯ ಮೊಣಕಾಲು

೧೯೩೭ರಲ್ಲಿ ನಾನು ಗೋಕಾಕದ ಮೌನೇಶಪ್ಪ ಬಡಿಗೇರರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆ ಎಂದ ಕೂಡಲೇ ಚಿಮಣಿ, ಭೋಂಗಾ ಎಂದೆಲ್ಲ ಊಹಿಸಿಕೊಳ್ಳಬೇಡಿ. ಒಂದು ತಗಡಿನ ಚಪ್ಪರ, ಅದರ ಕೆಳಗೆ ಮೂರು ನಾಲ್ಕು ಜನ ಬಡಿಗರು, ಅವರೆಲ್ಲರ ಮೇಲೆ ಬೆಳಗಿನಿಂದಲೇ ಸಿಟ್ಟಾಗಿರುವ ಮೌನೇಶಪ್ಪ, ಇಷ್ಟೇ. ಅವರು ನನ್ನ ತಂದೆಯ ತಮ್ಮ, ಆದ್ದರಿಂದ ನನಗೆ ಕಾಕಾ. ನಾನು ಅವರ ಅಣ್ಣನ ಮಗ ಕಾಳಪ್ಪ, ಆದ್ದರಿಂದ ಅವರಿಗೆ ತಲೆನೋವು. ನನ್ನ ಹುದ್ದೆಗೆ ಹೆಸರಿರಲಿಲ್ಲ. ಉಳಿ ಕೊಟ್ಟರೆ ಕಟ್ಟಿಗೆಗಿಂತ ಹೆಚ್ಚಾಗಿ ನನ್ನ ಬೆರಳನ್ನೇ ಕೆತ್ತಿಕೊಳ್ಳುತ್ತಿದ್ದೆ. ಹೀಗಾಗಿ ಗಿರಾಕಿಗಳನ್ನು ಮಾತಾಡಿಸುವುದು, ಅವರು ಹೋದ ಮೇಲೆ ಅವರ ಹಾಗೆಯೇ ನಡೆದು, ಕೆಮ್ಮಿ, ಉಳಿದವರನ್ನು ನಗಿಸುವುದು ನನ್ನ ಪಾಲಿಗೆ ಬಂದಿತ್ತು.

ವೃತ್ತಿಯ ನೆನಪುಗಳನ್ನು ನಿವೃತ್ತರು ಬರೆಯುವುದು ರೂಢಿ. ನನಗೆ ಇನ್ನೂ ಮೂವತ್ತು ತುಂಬಿಲ್ಲ. ಆದರೆ ಇದೇ ಪ್ರಸಂಗವನ್ನು ಕಾಕಾ ಬರೆದರೆ ನನ್ನನ್ನು ಬೈಯುವುದರಲ್ಲೇ ಪುಟ ತುಂಬಿಸಿಬಿಟ್ಟಾರು ಎಂಬ ಹೆದರಿಕೆಯಿಂದ ನಾನೇ ಮುಂದಾಗಿದ್ದೇನೆ.

ಕಾಕಾನ ಕೆಲಸದ ಪದ್ಧತಿಯನ್ನು ಮೊದಲು ಹೇಳಬೇಕು. ಅವರು ಕುರ್ಚಿಯ ನಕ್ಷೆ ಬರೆಯುತ್ತಿರಲಿಲ್ಲ. ಮಾಡಿಸಲು ಬಂದವರನ್ನು ಹಲಗೆಗಳ ಅಟ್ಟಿಯ ಮೇಲೆ ಕೂಡಿಸಿ, ಒಂದು ಹಲಗೆ ತೆಗೆದು, ಇನ್ನೊಂದು ಸೇರಿಸಿ, ಬೆನ್ನ ಹಿಂದೆ ಒಂದು ತುಂಡು ಒರಗಿಸಿ, ಕೂತವರ ಮುಖ ಸಡಿಲವಾಗುವ ತನಕ ಕಾಯುತ್ತಿದ್ದರು. ಆಮೇಲೆ ಹಲಗೆಗಳ ಅಳತೆ ತೆಗೆದುಕೊಳ್ಳುತ್ತಿದ್ದರು. ಇದಕ್ಕೆ ಮೈ ಅಳತೆ ಎಂದು ಹೆಸರು. ‘ಅಳತಿ ಪಟ್ಟಿ ಸುಳ್ಳ ಹೇಳಬಹುದು, ಟೊಂಕ ಹೇಳೂದಿಲ್ಲ’ ಎನ್ನುತ್ತಿದ್ದರು. ಗೋಕಾಕದ ವಕೀಲರಿಂದ ಹಿಡಿದು ಮಮದಾಪುರದ ಪಾಟೀಲರ ತನಕ ಹಲವರ ಟೊಂಕ ಆ ಅಟ್ಟಿಯ ಮೇಲೆ ಸಾಕ್ಷಿ ಹೇಳಿ ಹೋಗಿತ್ತು.

ಆ ವರ್ಷ ಮೂಡಲಗಿಯ ಹತ್ತಿ ವ್ಯಾಪಾರಿ ಚನ್ನಮಲ್ಲಪ್ಪ ಸಾವಕಾರರು ಹೊಸ ಮನೆ ಕಟ್ಟಿಸಿದ್ದರು. ಮಂಗಳೂರು ಹೆಂಚು, ಬಣ್ಣದ ಗಾಜಿನ ಕಿಟಕಿ, ಎಲ್ಲ ಆಗಿತ್ತು. ಬಂದವರನ್ನು ಕೂಡಿಸುವ ದಿವಾಣಖಾನೆ ಮಾತ್ರ ಖಾಲಿ ಇತ್ತು. ಮಗಳು ಪಾರ್ವತಿ ಮದುವೆಯ ವಯಸ್ಸಿಗೆ ಬಂದಿದ್ದಳು, ನೋಡಲು ಬರುವವರು ಮೊದಲು ಕಾಣುವುದು ಆ ಕೋಣೆಯನ್ನೇ. ‘ನಮ್ಮ ಸೀಮ್ಯಾಗ ಯಾರ ಮನ್ಯಾಗೂ ಇಲ್ಲದಂಥಾದ್ದು ಆಗಬೇಕು’ ಎಂದು ಸಾವಕಾರರ ಹಟ. ಆ ಚಳಿಗಾಲ ಬೆಳಗಾವಿಯಲ್ಲಿ ಒಂದು ಕೈಗಾರಿಕಾ ಪ್ರದರ್ಶನ ನಡೆದಿತ್ತು. ದೂರದ ಊರುಗಳ ಫರ್ನಿಚರ್ ತಯಾರಕರು ಅಲ್ಲಿ ತಮ್ಮ ತಮ್ಮ ಮಾದರಿ ಕೋಣೆಗಳನ್ನು ಸಜ್ಜು ಮಾಡಿ ಇಟ್ಟಿದ್ದಾರೆ, ನೋಡಿಕೊಂಡು ಬರ್ರಿ ಎಂದು ಸಾವಕಾರರು ನಮ್ಮಿಬ್ಬರನ್ನೂ ಕಳಿಸಿದರು.

ಗೋಕಾಕ ರೋಡ್ ಸ್ಟೇಶನ್ನಿನಿಂದ ರೈಲು ಹತ್ತಿ ಹೋದೆವು. ನಾನು ಕಾಕಾನ ಹಳೆಯ ಕೋಟು ತೊಟ್ಟಿದ್ದೆ. ಅದರೊಳಗೆ ನಾನು ಇದ್ದೇನೆಯೇ ಇಲ್ಲವೇ ಎಂದು ಟಿಕೆಟು ನೋಡುವವನೂ ಒಮ್ಮೆ ಇಣುಕಿದ. ಮಾದರಿ ಕೋಣೆ ಎಂದರೆ ಮೂರು ಗೋಡೆಯ ಕೋಣೆ. ನಾಲ್ಕನೆಯ ಬದಿ ನೋಡುವವರಿಗಾಗಿ ತೆರೆದಿರುತ್ತದೆ, ಅಡ್ಡಕ್ಕೆ ಒಂದು ಕೆಂಪು ಹಗ್ಗ. ಒಳಗೆ ಸೋಫಾ, ಕುರ್ಚಿಗಳು, ಪರದೆ, ಹೂದಾನಿ. ಗೋಡೆಗೆ ಎರಡು ಬಣ್ಣ: ಸೊಂಟದ ತನಕ ಗಾಢ, ಮೇಲೆ ತಿಳಿ. ಅದು ನನಗೆ ಬಹಳ ಹಿಡಿಸಿತು. ಎಣ್ಣೆ ಹಚ್ಚಿದ ತಲೆಗಳು ನಮ್ಮ ಮನೆಗಳ ಗೋಡೆಗೆ ಒರಗಿ ಮಾಡುವ ಚಿತ್ತಾರವನ್ನು ಆ ಗಾಢ ಬಣ್ಣ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಇನ್ನಷ್ಟು ಎತ್ತರಕ್ಕೆ ಬಳಿದರೆ ಸಾಕು ಎಂದು ಕಾಕಾ ಕೂಡ ಒಪ್ಪಿದರು. ಕಾಕಾ ಒಪ್ಪುವುದು ಅಪರೂಪ, ಅದಕ್ಕೇ ಬರೆದಿಟ್ಟೆ.

ತೊಡಕಾದದ್ದು ಸೋಫಾದ ವಿಷಯದಲ್ಲಿ. ಹಗ್ಗ ದಾಟುವಂತಿಲ್ಲ, ಮುಟ್ಟುವಂತಿಲ್ಲ. ಕಾಕಾ ಹಗ್ಗದ ಮೇಲಿಂದ ಕೈ ಚಾಚಿ ಗೇಣು ಹಾಕಲು ಹೋಗಿ ಕಾವಲುಗಾರನಿಂದ ಬೈಸಿಕೊಂಡರು. ಕೋಣೆಯೊಳಗೆ ಆ ತಯಾರಕರ ಏಜಂಟನೊಬ್ಬ ಸೋಫಾದ ಮೇಲೆ ಕುಳಿತಿದ್ದ. ಕರಿ ಕೋಟು, ನುಣುಪಾದ ಕೂದಲು. ಅಷ್ಟು ಹೊತ್ತಿಗೆ ಕಾಕಾನಿಗೆ ಉಪಾಯ ಹೊಳೆಯಿತು.

‘ಲೇ ಕಾಳ್ಯಾ, ಅಳತಿ ತಗೊಳ್ಳಾಕ ಬಿಡೂದಿಲ್ಲ ಇವರು. ನೀ ಆ ಮನಷ್ಯಾನ್ನ ನೋಡ್ಕೊ. ಊರಿಗೆ ಹೋಗಿ ಹಂಗ ಕುಂತ ತೋರಸು. ಹಲಗಿ ನಾ ಹೊಂದಸ್ತೇನಿ.’

‘ಕಾಕಾ, ಇಷ್ಟ ದಿನ ನಕಲ ಮಾಡಬ್ಯಾಡ ಅಂತ ಹೊಡೀತಿದ್ದಿ.’

‘ಇವತ್ತ ಮಾಡಲಿಲ್ಲಂದ್ರ ಹೊಡೀತೇನಿ.’

ಅರ್ಧ ದಿನ ನಿಂತು ನೋಡಿದೆ. ಏಜಂಟ ಬೆನ್ನು ನೆಟ್ಟಗೆ ಮಾಡಿ, ಎರಡೂ ಅಂಗಾಲು ನೆಲಕ್ಕೆ ಊರಿ, ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತಿದ್ದ. ಎಂಥ ಠೀವಿ ಎಂದುಕೊಂಡೆ. ಊರಿಗೆ ಬಂದು ಗಾಳಿಯಲ್ಲಿ ಹಾಗೆಯೇ ಕುಳಿತೆ. ಬಡಿಗರು ನಗುತ್ತ ನನ್ನ ಕೆಳಗೆ ಹಲಗೆ ತುರುಕಿದರು, ಬೆನ್ನ ಹಿಂದೆ ಒಂದು ತುಂಡು ಹಿಡಿದರು, ಕಾಕಾ ಅಳತೆ ತೆಗೆದುಕೊಂಡರು. ಆ ಅಳತೆಗೆ ಸಾಗವಾನಿಯಲ್ಲಿ ಒಂದು ಸೋಫಾ, ಎರಡು ಕುರ್ಚಿ ತಯಾರಾದವು. ನೋಡಿದರೆ ಬೆಳಗಾವಿಯದೇ. ಎತ್ತಿನ ಗಾಡಿಯಲ್ಲಿ ಅವು ಮೂಡಲಗಿಗೆ ಹೋಗುವಾಗ ದಾರಿಯ ಜನ ನಿಂತು ನೋಡಿದರು. ನಾನು ಗಾಡಿಯ ಹಿಂದೆ ಅವನ್ನು ಹೆತ್ತವನ ಹಾಗೆ ನಡೆದೆ.

ಸಾವಕಾರರ ಮನೆಯಲ್ಲಿ ಅವುಗಳ ಮೇಲೆ ಬಿಳಿ ಬಟ್ಟೆ ಹೊದಿಸಿದರು. ಬರುವವರು ಕೂಡುವ ಮೊದಲು ಮನೆಯವರು ಕೂಡಬಾರದು ಎಂದು ಕಟ್ಟಪ್ಪಣೆಯಾಯಿತು. ಸಾವಕಾರರು ಎಂದಿನಂತೆ ಪಡಸಾಲೆಯ ಗಾದಿಯ ಮೇಲೆ, ಅವರ ತಾಯಿ ನೀಲವ್ವ ಕಂಬಕ್ಕೆ ಒರಗಿ ನೆಲದ ಮೇಲೆ. ನಾವು ಬಡಿಗರಂತೂ ಹುಟ್ಟಾ ಕುಕ್ಕರಗಾಲಿನವರು. ಹೀಗಾಗಿ ಆ ಸೋಫಾದ ಮೇಲೆ ಒಬ್ಬರಾದರೂ ಕೂತು ನೋಡಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ.

ಎರಡು ತಿಂಗಳ ನಂತರ ಸಾವಕಾರರಿಂದ ಕರೆ ಬಂತು. ಮೆಚ್ಚುಗೆಗೆ ಇರಬೇಕೆಂದು ನಾನು ತಲೆ ಬಾಚಿಕೊಂಡು ಹೋದೆ. ಸಾವಕಾರರ ಮುಖ ಹಿಂಡಿದ ಬಟ್ಟೆಯಂತಿತ್ತು.

‘ಮೌನೇಶಪ್ಪಾ, ಎರಡ ಸಲ ಮಂದಿ ಬಂದ್ರು ಕನ್ಯಾ ನೋಡಾಕ. ಎರಡೂ ಸಲ ಚಾ ಕುಡದ ಎದ್ದ ಹೋದ್ರು. ಯಾಕಂತ ಒಬ್ಬರೂ ಬಾಯಿ ಬಿಡೂದಿಲ್ಲ.’

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಅವಲಕ್ಕಿ, ಚಹಾ ಮುಗಿಸಿ ಹೊರಟರೆ ಮಾತು ಅಲ್ಲಿಗೇ ನಿಂತಿತು ಎಂದು ತಿಳಿಯಬೇಕು. ಊಟಕ್ಕೆ ನಿಂತರೆ ಮಾತು ಮುಂದುವರಿಯುತ್ತದೆ. ಎರಡು ಸಲ ಹೀಗಾದದ್ದೇ ತಡ, ಓಣಿಯಲ್ಲಿ ಗುಸುಗುಸು ಶುರುವಾಗಿತ್ತು. ಕೆಲವರು ಕೋಣೆ ಆಗಿಬರುವುದಿಲ್ಲ ಎಂದರು, ಕೆಲವರು ಹುಡುಗಿಯ ಕಡೆಗೇ ಬೆರಳು ತೋರಿಸಿದರು.

ಬಾಗಿಲ ಮರೆಯಲ್ಲಿದ್ದ ಪಾರ್ವತಿ ಅಲ್ಲಿಂದಲೇ ಹೇಳಿದಳು. ‘ನಾ ಏನ ಅವರನ್ನ ಓಡಿಸಿಲ್ರಿ. ನಾ ತಾಟ ಹಿಡಕೊಂಡ ಬರೂದರಾಗ ಅವರ ಎದ್ದ ನಿಂತಿದ್ರು, ನಿಂತಕೊಂಡ ಚಾ ಕುಡದ ಹೋದ್ರು.’

ಇನ್ನು ಹದಿನೈದು ದಿನಕ್ಕೆ ಹುಕ್ಕೇರಿಯಿಂದ ಶಿವರುದ್ರಪ್ಪನವರ ಮನೆಯವರು ಬರುವವರಿದ್ದರು. ಹುಡುಗ ಬಸವರಾಜ, ಸಾಲಿ ಮಾಸ್ತರ. ನೀಲವ್ವ, ಇಡೀ ಓಣಿಗೆ ಆಯಿ, ಗುಟ್ಟೊಂದನ್ನು ನನ್ನ ಕಿವಿಗೆ ಹಾಕಿದಳು. ‘ಈ ಹುಡಗನ್ನ ನಮ್ಮ ಪಾರಿ ಯಾರದೋ ಲಗ್ನದಾಗ ನೋಡ್ಯಾಳ. ಹಿಂದಿನವರ ಹೆಸರ ತಗದ್ರ ಮುಖ ತಿರವ್ತಿದ್ಲು. ಹುಕ್ಕೇರಿ ಅಂದ್ರ ಸುಮ್ಮನ ನೆಲಾ ನೋಡ್ತಾಳ. ಇವರೂ ಚಾ ಕುಡದ ಹೋದ್ರ ಆ ಕೂಸಿನ ಎದಿ ಒಡೀತೈತಿ.’

ಸೋಫಾವನ್ನೇ ಹೊರಗೆ ಹಾಕುವುದೋ, ಕೋಣೆಗೆ ಬೀಗ ಜಡಿಯುವುದೋ ಎಂದು ಸಾವಕಾರರೂ ಕಾಕಾನೂ ತರ್ಕಿಸುತ್ತಿದ್ದರು. ನಾನು ಆಯಿಯ ಹತ್ತಿರ ಕುಳಿತು ಕೇಳಿದೆ. ‘ಆಯಿ, ಬಂದವರು ಹ್ಯಾಂಗ ಕುಂತಿದ್ರು?’

‘ಹ್ಯಾಂಗ ಅಂದ್ರ? ಅಂಗಡಿ ತಗ್ಯೂದು ಕಾಯೂ ಗಿರಾಕಿಗತೆ. ಟೊಂಕ ನೆಟ್ಟಗ, ತೊಡಿ ಮ್ಯಾಲ ಕೈ. ಹಿಂದ ಒರಗಿದವರಿಲ್ಲ, ಕಾಲ ಮಡಚಿದವರಿಲ್ಲ.’

ನನ್ನದು ನಕಲಿನ ಚಟ. ಆಯಿ ಹೇಳಿದ ಹಾಗೆಯೇ ಕಟ್ಟೆಯ ಅಂಚಿಗೆ ಕುಳಿತು ತೋರಿಸಿದೆ. ಬೆನ್ನು ನೆಟ್ಟಗೆ, ಅಂಗಾಲು ನೆಲಕ್ಕೆ, ಕೈ ತೊಡೆಯ ಮೇಲೆ. ‘ಖರೆ, ಹಿಂಗ ನೋಡ’ ಎಂದು ಆಯಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಭಂಗಿ ಪರಿಚಯದ್ದಾಗಿತ್ತು. ಬೆಳಗಾವಿಯಿಂದ ನಾನೇ ತಂದದ್ದು. ಆ ಏಜಂಟ ಠೀವಿಯಿಂದ ಕೂತಿರಲಿಲ್ಲ. ಯಾರಾದರೂ ಭಾರಿ ಗಿರಾಕಿ ಕಂಡರೆ ಚಂಗನೆ ಎದ್ದು ಓಡಲು ಅಂಚಿನಲ್ಲಿ ಕಾದು ಕುಳಿತಿದ್ದ. ಅವನ ನಕಲು ನಾನು, ನನ್ನ ಅಳತೆಗೆ ಸೋಫಾ, ಸೋಫಾದ ಅಳತೆಗೆ ಬೀಗರು. ಆಳವಿಲ್ಲದ ಆಸನ, ಎತ್ತರದ ಕಾಲು, ಮುಂದಕ್ಕೆ ನೂಕುವ ಬೆನ್ನು. ಅದರ ಮೇಲೆ ಕುಳಿತ ಯಾರಾದರೂ ಹೊರಡುವ ವಿಚಾರವನ್ನೇ ಮಾಡುತ್ತಿದ್ದರು.

ಕಾಕಾನಿಗೆ ಹೇಳಿದೆ, ಒಂದು ಕೈ ಕೆನ್ನೆಯ ಮುಂದೆ ಅಡ್ಡ ಇಟ್ಟುಕೊಂಡೇ ಹೇಳಿದೆ. ಅವರು ಹೊಡೆಯಲಿಲ್ಲ. ದಿವಾಣಖಾನೆಗೆ ಹೋಗಿ, ಬಟ್ಟೆ ಸರಿಸಿ, ತಾವೇ ಮಾಡಿದ ಸೋಫಾದ ಮೇಲೆ ಮೊದಲ ಸಲ ಕುಳಿತರು. ಕ್ಷಣದಲ್ಲೇ ಎದ್ದರು.

‘ಅಳತಿ ತಪ್ಪಿಲ್ಲಲೇ. ಅಳತಿ ಕೊಟ್ಟ ಮನಷ್ಯಾ ತಪ್ಪ.’

ಸಾವಕಾರರನ್ನು ಕೂಡಿಸಿ ಅಳತೆ ತೆಗೆದುಕೊಳ್ಳಬಹುದಿತ್ತು. ಆದರೆ ಅಂದು ಕೂಡಬೇಕಾದವರು ಹುಕ್ಕೇರಿಯ ಶಿವರುದ್ರಪ್ಪನವರು. ಆ ಮನೆಯಲ್ಲಿ ಅವರು ಎದ್ದರೆ ಎಲ್ಲರೂ ಎದ್ದಂತೆ ಎಂದು ಆಯಿಯೇ ತಿಳಿಸಿದ್ದಳು. ಹೀಗಾಗಿ ಕಾಕಾ ಸಾವಕಾರರಿಗೆ ಹೇಳದೆ ನನ್ನನ್ನು ಹುಕ್ಕೇರಿಗೆ ಅಟ್ಟಿದರು. ‘ಹೋಗು, ಆ ಹಿರಿಯರು ಕುಂದ್ರೂದನ್ನ ತಗೊಂಡ ಬಾ.’

ಕೊಣ್ಣೂರಿನ ಮೇಲಿಂದ ಮೋಟಾರು ಹಿಡಿದು ಹೋದೆ. ಶಿವರುದ್ರಪ್ಪನವರದು ಕಾಳುಕಡಿಯ ಅಂಗಡಿ, ಎದುರಿಗೇ ಒಂದು ಚಹಾದಂಗಡಿ. ಅದರ ಬಾಕಿನ, ಅಂದರೆ ಬೆಂಚಿನ, ಮೇಲೆ ಕುಳಿತು ನೋಡತೊಡಗಿದೆ. ಅವರದು ದೊಡ್ಡ ಮೈ. ಎಡಗಾಲು ಮಡಚಿ, ಬಲಗಾಲನ್ನು ನೀಡಿ ಒಂದು ಚೀಲದ ಮೇಲೆ ಇಟ್ಟಿದ್ದರು. ಮಾತಿನ ನಡುವೆ ಬಲ ಮೊಣಕಾಲನ್ನು ನೀವಿಕೊಳ್ಳುತ್ತಿದ್ದರು. ಏಳುವಾಗ ಅವರ ಎಡಗೈ ಊರಲು ಏನನ್ನೋ ಹುಡುಕುತ್ತಿತ್ತು, ಸಿಗದೆ ಗುಮಾಸ್ತನ ತಲೆಯನ್ನೇ ಹಿಡಿಯುತ್ತಿತ್ತು.

ನನ್ನ ಮೈಗೊಂದು ರೋಗವಿದೆ. ಯಾರನ್ನಾದರೂ ಗಮನವಿಟ್ಟು ನೋಡುತ್ತ ಕೂತರೆ ಅದು ನನ್ನನ್ನು ಕೇಳದೆ ಅವರಂತಾಗುತ್ತದೆ. ಎರಡನೆಯ ಕಪ್ ಚಹಾ ಮುಗಿಯುವಷ್ಟರಲ್ಲಿ ನನ್ನ ಬಲಗಾಲು ಎದುರಿನ ಬಾಕಿನ ಮೇಲೆ ಚಾಚಿತ್ತು, ಕೈ ಮೊಣಕಾಲನ್ನು ನೀವುತ್ತಿತ್ತು.

‘ಏ ತಮ್ಮಾ, ಇಲ್ಲಿ ಬಾ’ ಎಂದು ಅಂಗಡಿಯಿಂದ ಕೂಗು ಬಂತು. ಹೋದೆ.

‘ಮೊಣಕಾಲ ನೋವ ಐತೇನು?’

‘ಇಲ್ರಿ.’

‘ಮತ್ತ ನನ್ನಂಗ ಯಾಕ ನೀವಕೋತ ಕುಂತಿ?’

ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಸುಳ್ಳು ಹೇಳಲು ಹೊತ್ತು ಸಾಲಲಿಲ್ಲ. ‘ನಾ ಗೋಕಾಕದ ಬಡಿಗೇರಾಂವ್ರಿ. ಮಂದಿ ಹ್ಯಾಂಗ ಕುಂದರ್ತಾರ ನೋಡೂದು ನಮ್ಮ ಕಸಬರಿ.’

‘ನೋಡಿ ಏನ ಕಂಡಿ?’

‘ಏಳುವಾಗ ನಿಮ್ಮ ಎಡಗೈಗೆ ಏನೂ ಆಸರಾ ಇಲ್ರಿ. ಗುಮಾಸ್ತರ ತಲಿ ಎಷ್ಟ ದಿನಾ ಬಾಳೀತು.’

ಗುಮಾಸ್ತ ಮೊದಲು ನಕ್ಕ, ಪಾಪ, ಅವನಿಗೇ ತಾನೆ ಗೊತ್ತು. ಶಿವರುದ್ರಪ್ಪನವರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಬೊಗಸೆ ಶೇಂಗಾ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಶೇಂಗಾ ಸುಲಿಯುತ್ತ ಲೆಕ್ಕ ಹಾಕಿದೆ. ಅವರು ಮೂಡಲಗಿಗೆ ಬಂದಾಗ ನನ್ನ ಗುರುತು ಹಿಡಿದರೆ, ಹೆಣ್ಣಿನ ಕಡೆಯವರು ಬೇಹಿಗೆ ಆಳು ಕಳಿಸಿದ್ದರು ಎಂದು ಸಿಟ್ಟಾದರೆ, ಪಾರ್ವತಿಯ ಮದುವೆಯನ್ನು ಸೋಫಾ ಕೆಡಿಸಿತು ಎನ್ನುವ ಬದಲು ಕಾಳ್ಯಾ ಕೆಡಿಸಿದ ಎನ್ನುತ್ತಾರೆ.

ಕೆಲಸ ಮೂಡಲಗಿಯಲ್ಲಿ ಸಾವಕಾರರ ಹಿತ್ತಲಲ್ಲೇ ನಡೆಯಿತು. ನಾನು ಹಲಗೆಗಳ ಮೇಲೆ ಶಿವರುದ್ರಪ್ಪನವರಾಗಿ ಕುಳಿತೆ. ಆಮೇಲೆ ಸಾವಕಾರರಾಗಿ ಕುಳಿತೆ: ಒಂದು ಕಾಲು ಮಡಚಿ, ಒಂದು ಕಾಲು ಇಳಿಬಿಟ್ಟು, ಕಿವಿಯಲ್ಲಿ ಕಿರುಬೆರಳು. ಹಿಂದೆ ಸಾವಕಾರರೇ ಬಂದು ನಿಂತಿದ್ದು ಬಡಿಗರ ಮುಖ ನೋಡಿ ಗೊತ್ತಾಯಿತು.

‘ನಾ ಹಿಂಗ ಕುಂದರ್ತೇನೇನು?’ ಎಂದು ಅವರು ತಾಯಿಯನ್ನು ಕೇಳಿದರು.

‘ಹುಟ್ಟಿದಾಗಿಂದ’ ಎಂದಳು ಆಯಿ.

ಸೋಫಾದ ಕಾಲನ್ನು ಮೂರು ಬೆರಳಷ್ಟು ಕೊಯ್ದೆವು. ಕಾಲು ಮಡಚಿ ಕೂಡುವಷ್ಟು ಆಸನವನ್ನು ಮುಂದಕ್ಕೆ ಅಗಲ ಮಾಡಿ, ಬೆನ್ನನ್ನು ಹಿಂದಕ್ಕೆ ವಾಲಿಸಿ, ಹತ್ತಿ ಹೆಚ್ಚು ತುಂಬಿದೆವು. ಹತ್ತಿಗೆ ಆ ಮನೆಯಲ್ಲಿ ಬರವೇ. ಎಡಗಡೆಯ ತೋಳಿಗೆ ಕೈ ತುಂಬ ಹಿಡಿಯುವಂಥ ಒಂದು ಉರುಟು ಹಿಡಿಕೆ ಕೂಡಿಸಿದೆವು. ಜೊತೆಗೆ ಕಾಲು ನೀಡಿ ಇಡಲು ಒಂದು ಗಿಡ್ಡ ಸ್ಟೂಲು, ಅದರ ಮೇಲೂ ಮೆತ್ತೆ. ಬೆಳಗಾವಿಯ ಅಂದ ಸ್ವಲ್ಪ ಕಡಿಮೆಯಾಯಿತು, ಸುಳ್ಳೇಕೆ ಹೇಳಲಿ. ಬಿಳಿ ಬಟ್ಟೆಯನ್ನು ಮಾತ್ರ ಕಾಕಾ ಮಡಚಿ ಒಳಗೆ ಕೊಟ್ಟರು. ‘ಅವರ ಬರೂ ತನಕ ಮನ್ಯಾಗಿನವರೆಲ್ಲ ಕುಂತ ಏಳ್ರಿ’ ಎಂದರು. ಆಯಿ ಕುಳಿತಳು, ಏಳುವುದನ್ನು ಮಾತ್ರ ಮುಂದೂಡಿದಳು.

ಆ ದಿನ ಬಂತು. ನಾನು ಬಾಗಿಲ ಹಿಂದೆ ನಿಂತೆ. ಶಿವರುದ್ರಪ್ಪನವರು ಕಾಲು ತೊಳೆದುಕೊಂಡು, ಹೆಂಡತಿ ಶಾಂತವ್ವ ಮತ್ತು ಮಗನೊಡನೆ ಒಳಗೆ ಬಂದರು. ಸೋಫಾದ ಮುಂದೆ ನಿಂತರು. ಸ್ಟೂಲು ನೋಡಿದರು. ಎಡಗಡೆಯ ಹಿಡಿಕೆಯ ಮೇಲೆ ಕೈ ಇಟ್ಟು ತಡೆದರು. ಆಮೇಲೆ ತಲೆಯೆತ್ತಿ ಕೋಣೆಯನ್ನೆಲ್ಲ ಹುಡುಕಿ, ಬಾಗಿಲ ಸಂದಿನಲ್ಲಿ ನನ್ನ ಅರ್ಧ ಮುಖ ಕಂಡರು.

‘ಇಂವ ನಿಮ್ಮ ಮಂದ್ಯೇನು?’

ಸಾವಕಾರರಿಗೆ ಹುಕ್ಕೇರಿಯ ಸಂಗತಿ ಏನೂ ಗೊತ್ತಿಲ್ಲ. ‘ಬಡಿಗೇರ ಹುಡಗರಿ. ಏನರ ತಪ್ಪ ಮಾಡ್ಯಾನೇನ್ರಿ?’

ಪಾರ್ವತಿ ಅವಲಕ್ಕಿಯ ತಾಟು ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಶಿವರುದ್ರಪ್ಪನವರು ಹಿಡಿಕೆ ಹಿಡಿದು ಮೆಲ್ಲಗೆ ಕುಳಿತರು. ಎಡಗಾಲು ಮಡಚಿದರು. ಬಲಗಾಲನ್ನು ಸ್ಟೂಲಿನ ಮೇಲೆ ನೀಡಿದರು. ಬೆನ್ನನ್ನು ಹಿಂದಕ್ಕೆ ಬಿಟ್ಟು, ಹೊಟ್ಟೆಯಾಳದಿಂದ ಒಂದು ಉಸಿರು ಬಿಟ್ಟರು.

‘ಬೀಗರು ಬರ್ತಾರಂದ್ರ ಎಲ್ಲಾರೂ ಮನಿಗೆ ಸುಣ್ಣಾ ಹಚ್ಚಸ್ತಾರ. ನೀವು ನನ್ನ ಮೊಣಕಾಲ ವಿಚಾರ ಮಾಡೀರಿ’ ಎಂದರು.

ಪಾರ್ವತಿ ತಾಟು ಹಿಡಿದು ಕೋಣೆಯೊಳಗೆ ಹೋದಳು. ಈ ಸಲ ಯಾರೂ ಎದ್ದು ನಿಂತಿರಲಿಲ್ಲ. ಅವಲಕ್ಕಿಯಾಯಿತು, ಚಹಾ ಆಯಿತು. ಇನ್ನು ಮಾತು ಶುರುವಾಗಬೇಕು ಎನ್ನುವಾಗ ಶಿವರುದ್ರಪ್ಪನವರ ಗದ್ದ ಎದೆಗೆ ತಾಗಿತು. ಮರುಗಳಿಗೆಗೆ ಗೊರಕೆ.

ಸಾವಕಾರರು ಗಾಬರಿಯಾಗಿ ನನ್ನನ್ನು ನೋಡಿದರು, ನಾನು ಕಾಕಾನನ್ನು ನೋಡಿದೆ, ಕಾಕಾ ಹತ್ತಿಯನ್ನು ನೋಡಿದರು. ಶಾಂತವ್ವ ಮಾತ್ರ ತುಟಿಯ ಮೇಲೆ ಬೆರಳಿಟ್ಟಳು. ‘ಎಬ್ಬಸಬ್ಯಾಡ್ರಿ. ಈ ಮೊಣಕಾಲಿನ ಸಂಬಂಧ ವಾರ ಆತು, ಸರಿಯಾಗಿ ನಿದ್ದಿ ಇಲ್ಲ ಅವರಿಗೆ.’

ಹಿರಿಯರು ಮಲಗಿರುವಾಗ ಹೊರಡುವಂತಿಲ್ಲ, ಅವರ ಮುಂದೆ ಜೋರಾಗಿ ಮಾತಾಡುವಂತೆಯೂ ಇಲ್ಲ. ಶಾಂತವ್ವ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಆಯಿ, ಪಾರ್ವತಿಯ ತಾಯಿ, ಪಾರ್ವತಿ. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ, ಅದರ ನಡುವೆ ನಗು ಕೇಳಿಸತೊಡಗಿತು. ಬಸವರಾಜ ಮಾಸ್ತರರಿಗೆ ಇದ್ದಕ್ಕಿದ್ದಂತೆ ವಿಪರೀತ ನೀರಡಿಕೆಯಾಯಿತು. ನೀರು ತಂದವಳು ಪಾರ್ವತಿಯೇ. ಅವರು ಪಡಸಾಲೆಯಲ್ಲಿ ಏನು ಮಾತಾಡಿದರೆಂದು ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ನಾನು ಪಟ್ಟ ಶ್ರಮ ಕಡಿಮೆಯೇನಲ್ಲ. ಅವಳು ನೆಲ ನೋಡುತ್ತಿರಲಿಲ್ಲ, ಅಷ್ಟು ಮಾತ್ರ ಕಂಡಿತು.

ಬಿಸಿಲು ವಾಲಿದ ಮೇಲೆ ಶಿವರುದ್ರಪ್ಪನವರು ಕಣ್ಣು ಬಿಟ್ಟರು. ಮನೆಯ ತುಂಬ ಎಣ್ಣೆಗಾಯಿಯ ವಾಸನೆ.

‘ಮಾತ ಎಲ್ಲಿಗೆ ಬಂತು?’

‘ಮಾತ ಮುಗೀತು’ ಎಂದಳು ಶಾಂತವ್ವ, ಹಿಟ್ಟಿನ ಕೈಯಲ್ಲೇ. ‘ನೀವು ಎದ್ದ ಊಟಕ್ಕ ಬರೂದು ಒಂದ ಉಳದೈತಿ.’

ಅವರು ಹಿಡಿಕೆ ಹಿಡಿದು ಯಾರ ತಲೆಯನ್ನೂ ಬೇಡದೆ ಎದ್ದರು. ಸಾವಕಾರರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು, ಬೆವರೆಂದು ನಾವೆಲ್ಲ ತಿಳಿದುಕೊಂಡೆವು. ಹಿತ್ತಲಿಗೆ ಬಂದು ಕಾಕಾ ನನ್ನ ಬೆನ್ನಿಗೊಂದು ಗುದ್ದಿದರು. ಹದಿನೈದು ದಿನದಿಂದ ಬಿಗಿಹಿಡಿದಿದ್ದ ಉಸಿರು ಆ ಗುದ್ದಿಗೆ ಹೊರಬಂತು. ಅಂದು ಉಂಡಷ್ಟು ರೊಟ್ಟಿಯನ್ನು ನಾನು ಮತ್ತೆಂದೂ ಉಂಡಿಲ್ಲ.

ಈಗ ಕೊಲ್ಹಾಪುರ, ಪುಣೆಯ ಪ್ರದರ್ಶನಗಳಿಗೆ ಕಾಕಾ ನನ್ನೊಬ್ಬನನ್ನೇ ಕಳಿಸುತ್ತಾರೆ. ಮಾದರಿ ಕೋಣೆಗಳನ್ನು ನಾನು ಹೀಗಳೆಯುವುದಿಲ್ಲ. ಬಣ್ಣ, ಬೆಳಕು ಬರುವ ರೀತಿ, ಕಟ್ಟಿಗೆಯ ಪಾಲೀಶು, ಕಲಿಯುವಂಥದ್ದು ಅಲ್ಲಿ ಬಹಳ. ಆದರೆ ಆ ಕೋಣೆಯಲ್ಲಿ ಯಾರೂ ಬಾಳುವುದಿಲ್ಲ. ಮನೆಗೆ ಬೇಕಾದದ್ದನ್ನು ಅರ್ಧ ಅಲ್ಲಿ ನೋಡಿ, ಉಳಿದರ್ಧವನ್ನು ಬಾಳುವವರ ಮೈಯಲ್ಲಿ ಹುಡುಕಬೇಕು ಎಂಬುದು ಈ ಕಸಬು ನನಗೆ ಕಲಿಸಿದ ಪಾಠ. ಅದಕ್ಕೇ ಒಳಗಿನದೆಲ್ಲ ನೋಡಿ ಮುಗಿಸಿ, ನಾನು ಪ್ರದರ್ಶನದ ಹಿಂಬದಿಗೆ ಹೋಗುತ್ತೇನೆ. ತಿರುಗಿ ತಿರುಗಿ ಕಾಲು ಸೋತವರು ಅಲ್ಲಿರುತ್ತಾರೆ. ಕೊಲ್ಹಾಪುರದಲ್ಲೊಮ್ಮೆ ಒಬ್ಬ ಹೆಂಗಸು ಕಂಕುಳ ಕೂಸನ್ನು ಮಡಿಲಿಗಿಳಿಸಿ, ಸಾಮಾನು ತಂದ ಖಾಲಿ ಕಟ್ಟಿಗೆ ಪೆಟ್ಟಿಗೆಯ, ನಮ್ಮ ಮಾತಿನಲ್ಲಿ ಖೋಕಾದ, ಮೇಲೆ ಕುಳಿತಳು, ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಒಳಗಿನ ಯಾವ ಸೋಫಾದ ಮೇಲೂ ಅಂಥ ಮುಖವನ್ನು ನಾನು ಕಂಡಿರಲಿಲ್ಲ. ಅವಳು ಎದ್ದು ಹೋದ ಮೇಲೆ ಅಳತೆ ತೆಗೆದುಕೊಂಡೆ. ಈಗ ನಮ್ಮ ಕಾರ್ಖಾನೆಯ ಬಾಕುಗಳೆಲ್ಲ ಆ ಖೋಕಾದ ಎತ್ತರಕ್ಕಿವೆ.